ಎಂಟು ದಿನದ ಸಂಸಾರ

ಗ್ಯೋಟೋಕು
೨೦ ಅಕ್ಟೋಬರ್ ೨೦೨೪

ಚಾಮು,

ನೀನು ಹೇಳಿದ ಹಾಗೆ ಕಾಗದದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನಿಶಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ, ಮೆಸೇಜು ಕಳಿಸಿದರೆ ನಿನ್ನ ಭುಜದ ಮೇಲಿಂದ ಓದುತ್ತಾಳೆ, ನಮ್ಮಿಬ್ಬರ ಕೈಬರಹದ ಕನ್ನಡ ಮಾತ್ರ ಅವಳಿಗೆ ದಕ್ಕುವುದಿಲ್ಲ ಅಂದಿದ್ದೆ. ನಿಜ. ನಿನ್ನ ಅಕ್ಷರವನ್ನಂತೂ ಔಷಧಿ ಅಂಗಡಿಯವನೂ ಓದಲಾರ.

ನೀನೂ ಮಗಳೂ ಜಪಾನ್ ಬಿಟ್ಟು ಮೈಸೂರಿಗೆ ಹೋಗಿ ಐದು ತಿಂಗಳಾಯಿತು. ಈಗ ನಾನೊಂದು ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಬಯ್ಯಬೇಡ ಅನ್ನುವುದಿಲ್ಲ, ಪೂರ್ತಿ ಓದಿ ಆಮೇಲೆ ಬಯ್ಯಿ.

ಲಿಫ್ಟ್ ಕಂಪನಿಗೆ ಸೇರಿ ಬರುವ ಜನವರಿಗೆ ಹತ್ತು ವರ್ಷ. ಹತ್ತು ವರ್ಷ ಒಂದೇ ಕಡೆ ದುಡಿದವರಿಗೆ ಇಲ್ಲಿ ‘ರಿಫ್ರೆಶ್ ರಜೆ’ ಅಂತ ಕೊಡುತ್ತಾರೆ, ಜೊತೆಗೆ ಮನೆಯವರಿಗೆಲ್ಲ ಒಂದು ಪ್ರವಾಸ. ಕ್ಯಾಟಲಾಗು ಆರು ವಾರ ನನ್ನ ಮೇಜಿನ ಮೇಲೆ ಬಿದ್ದಿತ್ತು. ನಾನು ತೆರೆಯಲೇ ಇಲ್ಲ. ಕೊನೆಗೆ ಆಫೀಸಿನ ಇಶಿದಾ-ಸಾನ್ ತಾವೇ ವಿಚಾರಿಸಿದಾಗ ಉಳಿದಿದ್ದು ಎರಡೇ ಎರಡು. ಹೊಕ್ಕೈದೋದಲ್ಲಿ ಏಡಿ ತಿನ್ನುವ ಪ್ರವಾಸ, ಇಲ್ಲವೇ ಮೆಕ್ಸಿಕೋಗೆ ಹೋಗಿ ಮಾಯಾ ಜನರ ಹಾಳೂರುಗಳನ್ನು ನೋಡಿ ಬರುವ ಎಂಟು ದಿನದ ಪ್ರವಾಸ. ಬಾಲಾ-ಸಾನ್ ಮನೆಯಲ್ಲಿ ಏಡಿ ತಿನ್ನುವುದಿಲ್ಲ ಅಂತ ಆಕೆ ಮಾಯಾಕ್ಕೆ ಗುರುತು ಹಾಕಿಬಿಟ್ಟರು. ಮೂವರಿಗೆ. ನಮ್ಮ ಬಾಸ್ ಓಗಾವಾ-ಸಾನ್ ಸೋಮವಾರ ಬೆಳಿಗ್ಗೆ ಎಲ್ಲರ ಮುಂದೆ ಅದನ್ನು ಓದಿ ಹೇಳಿದರು. ಚಪ್ಪಾಳೆ ತಟ್ಟಿದರು. ನಾನು ಬಗ್ಗಿ ನಮಸ್ಕಾರ ಮಾಡಿದೆ.

ಮೂವರಿಗೆ ಯಾಕೆ ಅಂದರೆ, ನೀವು ಇಲ್ಲಿಲ್ಲ ಎಂದು ನಾನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಮೇ ತಿಂಗಳಲ್ಲಿ ರಜಕ್ಕೆ ಊರಿಗೆ ಹೋಗಿದ್ದಾರೆ ಅಂದಿದ್ದೆ. ಸೆಪ್ಟೆಂಬರಿನಲ್ಲಿ ಓಗಾವಾ-ಸಾನ್ ‘ಎಲ್ಲರೂ ವಾಪಸ್ ಬಂದರಾ?’ ಅಂದರು. ‘ಹಾಯ್’, ಹೌದು, ಅಂದೆ. ಇಲ್ಲಿ ಹಾಯ್ ಅನ್ನುವುದು ಎಷ್ಟು ಸುಲಭ ಅಂತ ನಿನಗೂ ಗೊತ್ತು. ಆಮೇಲೆ ಆ ಸುಳ್ಳನ್ನು ಸಾಕಬೇಕಾಯಿತು. ನೀನು ಊರಿಂದ ತಂದದ್ದು ಅಂತ ಹೇಳಿ ನಿಶಿ-ಕಾಸಾಯ್ ಕಡೆಯ ಇಂಡಿಯನ್ ಅಂಗಡಿಯ ಮೈಸೂರು ಪಾಕನ್ನು ಹದಿನಾಲ್ಕು ಮೇಜಿಗೆ ಹಂಚಿದ್ದೇನೆ.

ಜನವರಿ ಹನ್ನೊಂದರಿಂದ ಹದಿನೆಂಟು. ಎಂಟೇ ದಿನ. ನೀವಿಬ್ಬರೂ ಬಂದು ಹೋಗುವುದಕ್ಕಾಗುತ್ತದಾ? ಮೂವರಿಗೂ ಜಪಾನಿನ ಪರ್ಮನೆಂಟ್ ಕಾರ್ಡು ಇರುವುದರಿಂದ ಮೆಕ್ಸಿಕೋಗೂ ವೀಸಾದ ರಗಳೆ ಇಲ್ಲ. ಬೇರೆ ಏನನ್ನೂ ಕೇಳುವುದಿಲ್ಲ.

ಬಾಲು


ಮೈಸೂರು
೪ ನವೆಂಬರ್ ೨೦೨೪

ನಿಶಾಳ ಅಪ್ಪನವರಿಗೆ,

ನಿಮ್ಮ ಕಾಗದ ದೀಪಾವಳಿ ಮುಗಿದ ಮರುದಿನ ಬಂತು. ಪೂರ್ತಿ ಓದಿ ಆಮೇಲೆ ಬಯ್ಯಿ ಅಂದಿದ್ದೀರಿ. ಪೂರ್ತಿ ಓದಿದೆ. ಬೆಳಿಗ್ಗೆಯಿಂದ ಹನ್ನೊಂದು ಬಾಯಿ ನೋಡಿ ಬಂದಿದ್ದೇನೆ, ಬಯ್ಯುವ ತ್ರಾಣ ಉಳಿದಿಲ್ಲ.

ಎಂಥ ಮನುಷ್ಯರು ರೀ ನೀವು. ನಾನು ಒಂಬತ್ತು ವರ್ಷ ಅಲ್ಲೇ ಇದ್ದಾಗ ನಿಮ್ಮ ಆಫೀಸಿನಲ್ಲಿ ಒಬ್ಬರಿಗಾದರೂ ನನ್ನ ಹೆಸರು ಗೊತ್ತಿತ್ತಾ? ಬಿಟ್ಟು ಬಂದ ಮೇಲೆ ಈಗ ಅಲ್ಲಿ ಸಂಸಾರ ಮಾಡಿಕೊಂಡಿದ್ದೇನೆ, ಸಿಹಿ ಹಂಚುತ್ತಿದ್ದೇನೆ. ಚೆನ್ನಾಗಿದೆ.

ನಾನು ಯಾಕೆ ಬಂದೆ ಅನ್ನುವುದು ನಿಮಗೆ ಮರೆತಿರಲಾರದು. ಆದರೂ ಬರೆಯುತ್ತೇನೆ, ಫೋನಿನಲ್ಲಿ ಒಂದು ಸಲವೂ ಪೂರ್ತಿ ಹೇಳಲು ಬಿಡಲಿಲ್ಲ ನೀವು. ನನ್ನ ಬಿ.ಡಿ.ಎಸ್. ಸರ್ಟಿಫಿಕೇಟು ಚಳಿಗಾಲದ ಬಟ್ಟೆಯ ಪೆಟ್ಟಿಗೆಯ ತಳದಲ್ಲಿತ್ತು. ಅಲ್ಲಿ ಪರೀಕ್ಷೆ ಜಪಾನಿಯಲ್ಲಿ. ಎರಡು ಸಲ ಪುಸ್ತಕ ತಂದೆ, ಎರಡು ಸಲವೂ ಮಡಿಸಿಟ್ಟೆ. ನನ್ನ ಜಪಾನಿ ಬೀದಿ ಮೂಲೆಯ ಕೊಂಬಿನಿ ಅಂಗಡಿ ದಾಟಲಿಲ್ಲ. ನೀವು ಬೆಳಿಗ್ಗೆ ಏಳಕ್ಕೆ ಟೋಝಾಯ್ ಲೈನ್ ರೈಲು ಹತ್ತಿದರೆ ವಾಪಸ್ ಬಂದು ಇಳಿಯುತ್ತಿದ್ದುದು ರಾತ್ರಿ ಹತ್ತಕ್ಕೆ. ನಿಶಾ ಶಾಲೆಗೆ ಹೋದ ಮೇಲೆ ನಾನು ಯಾರ ಜೊತೆಗೂ ಒಂದು ಪೂರ್ತಿ ವಾಕ್ಯ ಮಾತಾಡದ ದಿನಗಳಿದ್ದವು. ಇಲ್ಲಿ ಸರಸ್ವತಿಪುರಂನಲ್ಲಿ ಡಾಕ್ಟರ್ ವಿಶಾಲಾಕ್ಷಿಯವರ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಮೊದಲ ವಾರ ಪಕ್ಕದಲ್ಲಿ ನಿಂತು ನೋಡಿದೆ. ಈಗ ಒಬ್ಬಳೇ ಹಲ್ಲು ಕೀಳುತ್ತೇನೆ.

ನಿಶಾ ಚೆನ್ನಾಗಿದ್ದಾಳೆ. ಬಹಳ ಶಾಂತ ಹುಡುಗಿ ಅಂತ ಟೀಚರು ಹೊಗಳಿದರು.

ನಾನು ಬರುವುದಿಲ್ಲ. ಆಫೀಸಿನಲ್ಲಿ ನಿಜ ಹೇಳಿ. ಒಂದು ದಿನದ ನಾಚಿಕೆ, ಅಷ್ಟೇ.

ಚಾಮುಂಡೇಶ್ವರಿ


ಗ್ಯೋಟೋಕು
೧೭ ನವೆಂಬರ್ ೨೦೨೪

ಚಾಮು,

ನಿಜ ಹೇಳಬೇಕು ಅಂತ ಎರಡು ಸಲ ಓಗಾವಾ-ಸಾನ್ ಮೇಜಿನವರೆಗೆ ಹೋದೆ. ಮೊದಲ ಸಲ ಅವರು ನಿಶಾಗೆ ಅಂತ ಮಾಯಾ ಪಿರಮಿಡ್ಡಿನ ಚಿತ್ರದ ಪುಸ್ತಕ ಕೊಟ್ಟರು. ಎರಡನೆಯ ಸಲ ನಾನೇ ಬೇರೆ ಏನೋ ಕೇಳಿ ವಾಪಸ್ ಬಂದೆ. ಡಿಸೆಂಬರ್ ಇಪ್ಪತ್ತರೊಳಗೆ ಟೂರು ರದ್ದು ಮಾಡಬಹುದು. ಮಾಡುತ್ತೇನೆ.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ, ಎಲ್ಲ ಒಂದೇ ಕಡೆ ಇರಲಿ. ಅಕ್ಟೋಬರಿನಲ್ಲಿ ಒಂದು ಶನಿವಾರ ಸೈಟಿಗೆ ಹೋಗಿ ಲಿಫ್ಟು ಪರೀಕ್ಷೆ ಮಾಡಬೇಕಿತ್ತು. ಮಗಳ ಶಾಲೆಯ ಕ್ರೀಡಾದಿನ ಅಂತ ಹೇಳಿ ತಪ್ಪಿಸಿಕೊಂಡೆ. ಆ ದಿನ ಅವಳ ಹಳೇ ಶಾಲೆಯಲ್ಲಿ ನಿಜವಾಗಿಯೂ ಕ್ರೀಡಾದಿನ ಇತ್ತು. ಮನೆಯಲ್ಲಿ ಕೂರಲಾರದೆ ಹೋಗಿ ಬೇಲಿಯ ಆಚೆ ನಿಂತೆ. ಅವಳ ಗೆಳತಿ ಹಾನಾ ನನ್ನನ್ನು ನೋಡಿ ಕೈ ಬೀಸಿದಳು. ನಾನೂ ಬೀಸಿ ಅಲ್ಲಿಂದ ಬೇಗ ಬೇಗ ನಡೆದುಬಂದೆ.

ನಿನ್ನ ಕಾಗದದಲ್ಲಿ ಒಂದು ಮಾತು ನನಗೆ ಅರ್ಥವಾಗಲಿಲ್ಲ. ಶಾಂತ ಹುಡುಗಿಯಾ? ನಮ್ಮ ನಿಶಾನಾ? ಇಲ್ಲಿ ಅವಳ ಟೀಚರು ಪ್ರತಿ ಸಲವೂ ‘ಸ್ವಲ್ಪ ಬಾಯಿ ಕಡಿಮೆ ಮಾಡಲಿ’ ಅಂತಲೇ ಬರೆಯುತ್ತಿದ್ದರು.

ಬಾಲು


ಮೈಸೂರು
೧ ಡಿಸೆಂಬರ್ ೨೦೨೪

ನಿಶಾಳ ಅಪ್ಪನವರಿಗೆ,

ಟೂರು ರದ್ದು ಮಾಡಬೇಡಿ. ಬರುತ್ತೇವೆ.

ನಿಮ್ಮ ಕಾಗದ ಬಂದ ಮರುದಿನ ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಊಟದ ಹೊತ್ತಿಗೆ ಅವಳ ಶಾಲೆಗೆ ಹೋದೆ. ಮೂವತ್ತು ಮಕ್ಕಳು ಕಿರುಚಿಕೊಂಡು ತಿನ್ನುತ್ತಿದ್ದವು. ಇವಳು ಡಬ್ಬಿ ಮುಗಿಸಿ, ಮುಚ್ಚಳ ಹಾಕಿ, ಕೈಕಟ್ಟಿ ಕೂತಿದ್ದಳು. ಪಕ್ಕದ ಹುಡುಗಿ ಏನೋ ಕೇಳಿದಳು. ಇವಳು ತಲೆಯಾಡಿಸಿದಳು. ಟೀಚರನ್ನು ಕೇಳಿದೆ, ಕ್ಲಾಸಿನಲ್ಲಿ ಮಾತಾಡುತ್ತಾಳಾ ಅಂತ. ‘ಯೆಸ್ ಮ್ಯಾಮ್ ಅಂತಾಳೆ, ವೆರಿ ಗುಡ್ ಗರ್ಲ್’ ಅಂದರು. ಆರು ತಿಂಗಳಲ್ಲಿ ಎರಡೇ ಪದ. ಮನೆಯಲ್ಲಿ ನನ್ನ ಹತ್ತಿರ ಅದೂ ಇದೂ ಮಾತಾಡುತ್ತಾಳೆ ಅಂತ ನಾನು ನಿಶ್ಚಿಂತೆಯಾಗಿದ್ದೆ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಒಂದಷ್ಟು ಕರಾರು. ಆ ಎಂಟು ದಿನ ‘ವಾಪಸ್ ಬಾ’ ಅನ್ನುವ ಮಾತು ಬರಕೂಡದು. ನಮ್ಮ ಜಗಳ ಅವಳ ಮುಂದೆ ತೆಗೆಯಕೂಡದು. ಹೋಟೆಲಿನಲ್ಲಿ ನಾನು ನಿಶಾ ಜೊತೆ ಮಲಗುತ್ತೇನೆ. ಫೋಟೋಗೆ ಎಷ್ಟು ಬೇಕಾದರೂ ನಗುತ್ತೇನೆ.

ಚಾಮುಂಡೇಶ್ವರಿ


ಮೈಸೂರು
೨೭ ಜನವರಿ ೨೦೨೫

ನಿಶಾಳ ಅಪ್ಪನವರಿಗೆ,

ನಾವು ವಾಪಸ್ ಬಂದು ಒಂದು ವಾರವಾಯಿತು. ಹಗಲು ತೂಕಡಿಕೆ, ಬೆಳಗಿನ ಜಾವ ಹಸಿವು. ನಿಮ್ಮ ನಾಟಕ ಚೆನ್ನಾಗಿ ನಡೆಯಿತು, ಓಗಾವಾ-ಸಾನ್‌ಗೆ ತೋರಿಸುವುದಕ್ಕೆ ಬೇಕಾದಷ್ಟು ಫೋಟೋ ಇದೆ. ಮಾತಾಡಕೂಡದು ಅನ್ನುವ ಕರಾರು ಹಾಕಿದವಳು ನಾನೇ ಆದ್ದರಿಂದ, ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ನೀವು ಎಂಟು ದಿನವೂ ನಿದ್ದೆ ಮಾಡಿದಿರಿ. ವಿಮಾನದಲ್ಲಿ ಸರಿ, ಬಸ್ಸಿನಲ್ಲೂ ಸರಿ. ಚಿಚೆನ್ ಇತ್ಸಾದಲ್ಲಿ ಅಷ್ಟು ದೊಡ್ಡ ಪಿರಮಿಡ್ಡಿನ ಮುಂದೆ ಗೈಡು ಚಪ್ಪಾಳೆ ತಟ್ಟಿದ, ಕಲ್ಲಿನ ಮೆಟ್ಟಿಲಿಂದ ಹಕ್ಕಿ ಕೂಗಿದ ಹಾಗೆ ಸದ್ದು ವಾಪಸ್ ಬಂತು, ಇಪ್ಪತ್ತೆರಡು ಜನ ‘ಸುಗೋಯ್’ ಅಂತ ಬೆರಗಾದರು. ನೀವು ನಿಂತುಕೊಂಡೇ ತೂಕಡಿಸುತ್ತಿದ್ದಿರಿ. ಊಷ್‌ಮಾಲ್‌ನಲ್ಲಂತೂ ಕಲ್ಲುಕಟ್ಟೆಯ ಮೇಲೆ ಬಾಯಿ ತೆರೆದು ಮಲಗಿಬಿಟ್ಟಿರಿ. ನಿಮ್ಮ ಕಾಲ ಹತ್ತಿರ ಮೊಳದುದ್ದದ ಓತಿಕ್ಯಾತ ಬಿಸಿಲು ಕಾಯಿಸುತ್ತಿತ್ತು. ಅದಕ್ಕೆ ನಿಮಗಿಂತ ಎಚ್ಚರವಿತ್ತು.

ಮೊದಲು ಮೈಯೆಲ್ಲ ಉರಿದುಹೋಯಿತು. ಆಮೇಲೆ ತೆರೆದ ಬಾಯಿಯೊಳಗೆ ನೋಡಿದೆ, ಅಭ್ಯಾಸ. ನಿಮ್ಮ ದವಡೆ ಹಲ್ಲುಗಳು ಸವೆದು ಸಪಾಟಾಗಿವೆ ರೀ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ, ಬಹಳ ದಿನದಿಂದ. ಒಂಬತ್ತು ವರ್ಷ ಪಕ್ಕದಲ್ಲೇ ಮಲಗಿದ್ದು ನನಗೆ ತಿಳಿಯಲಿಲ್ಲ, ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಅಲ್ಲಿಯ ಡೆಂಟಿಸ್ಟ್ ಹತ್ತಿರ ಹೋಗಿ ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ ಮಾಡಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಮೆರಿಡಾ ಊರಿನ ಮ್ಯೂಸಿಯಂನಲ್ಲಿ ಆ ದವಡೆ ನೋಡಿದ್ದು ನಿಮಗೆ ನೆನಪಿದೆಯೋ ಇಲ್ಲವೋ. ಮುಂದಿನ ಹಲ್ಲುಗಳಲ್ಲಿ ದುಂಡಗೆ ತೂತು ಕೊರೆದು ಹಸಿರು ಕಲ್ಲು ಕೂರಿಸಿದ್ದರು. ಸಾವಿರ ವರ್ಷದ ಮೇಲಾದರೂ ಕಲ್ಲು ಬಿದ್ದಿಲ್ಲ. ಒಳಗಿನ ನರಕ್ಕೆ ತಾಗದ ಹಾಗೆ ಎಷ್ಟು ಆಳ ಕೊರೆಯಬೇಕು ಅಂತ ಆ ಪುಣ್ಯಾತ್ಮನಿಗೆ ಗೊತ್ತಿತ್ತು. ನಾನು ಅಲ್ಲಿಂದ ಕದಲಲಿಲ್ಲ. ‘ಅಮ್ಮ ಹಲ್ಲಿನ ಡಾಕ್ಟರ್’ ಅಂತ ನಿಶಾ ನಮ್ಮ ಗುಂಪಿನ ಜಪಾನಿ ಅಜ್ಜಿಯರಿಗೆಲ್ಲ ಹೇಳಿಬಿಟ್ಟಳು. ಸಂಜೆ ಹೋಟೆಲಿನ ಸೋಫಾದಲ್ಲಿ ಐದು ಜನ ಅಜ್ಜಿಯರು ಸಾಲಾಗಿ ಬಾಯಿ ತೆರೆದು ಕೂತರು. ನಾನು ಮೊಬೈಲಿನ ಲೈಟು ಹಿಡಿದು ನೋಡುವುದು, ಕನ್ನಡದಲ್ಲಿ ಹೇಳುವುದು, ನಿಶಾ ಜಪಾನಿಯಲ್ಲಿ ಹೇಳುವುದು. ಅವರ ದೇಶದಲ್ಲಿ ಒಂಬತ್ತು ವರ್ಷ ಯಾರೂ ಹೆಸರು ಹಿಡಿದೂ ಕರೆಯದಿದ್ದ ನನ್ನನ್ನು ಅಲ್ಲಿ ‘ಸೆನ್ಸೇ’, ಡಾಕ್ಟರೇ, ಅಂದರು.

ಹೇಳಬೇಕಾದ್ದು ಇದಲ್ಲ. ನಿಶಾ ಮಾತಾಡಿದಳು. ಊಟದಲ್ಲಿ, ಬಸ್ಸಿನಲ್ಲಿ, ಅಜ್ಜಿಯರ ತೊಡೆಯ ಮೇಲೆ ಬಿದ್ದು ಬಿದ್ದು ಮಾತಾಡಿದಳು. ಅವಳು ಏನೋ ಅಂದರೆ ಇಡೀ ಬಸ್ಸು ನಗುತ್ತಿತ್ತು. ನನಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಮಗಳು ನಗುತ್ತಿದ್ದಾಳೆ ಅಂತ ಸಂತೋಷಪಡಬೇಕಿತ್ತು. ನನಗೆ ಆಗಲಿಲ್ಲ.

ಟೂರಿನ ಉಸ್ತುವಾರಿಯ ಮಿಯಾಶಿತಾ-ಸಾನ್ ಮಾತ್ರ ಬಹಳ ಬಿಗಿ ಬಿಡಿ. ಹಳದಿ ಬಾವುಟ ಹಿಡಿದು ಅಷ್ಟು ಮೆತ್ತಗೆ ಮಾತಾಡುತ್ತಾಳೆ, ರೂಲ್ಸು ನೋಡಿದರೆ ಮಿಲಿಟರಿ. ಒಂದು ಕುಟುಂಬದವರು ಚದುರಬಾರದು, ಮೂವರೂ ಕೈ ಹಿಡಿದೇ ನಡೆಯಬೇಕು, ಇಲ್ಲದಿದ್ದರೆ ಬಸ್ಸಿಗೆ ಹತ್ತಿಸುವುದಿಲ್ಲ ಅಂತೆ. ಆ ಗೈಡು ಇನ್ನೊಂದು ಥರ. ಅಷ್ಟು ಚೆಂದದ ಊರನ್ನು ಬಿಟ್ಟು ಜನ ಯಾಕೆ ಹೋದರು ಅಂತ ನಿಶಾ ಕೈಲಿ ಕೇಳಿಸಿದೆ. ‘ಯಾರಿಗೂ ಗೊತ್ತಿಲ್ವಂತೆ ಅಮ್ಮ. ಬಟ್ ಹೋಗೋವಾಗ ಮಕ್ಕಳನ್ನ ಯಾರೂ ಕೇಳ್ಲಿಲ್ವಂತೆ’ ಅಂದಳು. ಇಂಥದ್ದೆಲ್ಲ ಕಲ್ಲು ನೋಡಿ ಹೇಗೆ ಕಂಡುಹಿಡಿಯುತ್ತಾರೋ.

ಇಲ್ಲಿಗೆ ಬಂದ ಮೇಲೆ ಅವಳು ಮತ್ತೆ ಯೆಸ್ ಮ್ಯಾಮ್ ಆಗಿದ್ದಾಳೆ.

ಚಾಮು


ಗ್ಯೋಟೋಕು
೯ ಫೆಬ್ರವರಿ ೨೦೨೫

ಚಾಮು,

ನಿನ್ನ ಕಾಗದವನ್ನು ರೈಲಿನಲ್ಲಿ ಓದಿದೆ, ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು. ಮುಂದೆ ಬರೆಯುವುದನ್ನು ನಿನಗೆ ಹೇಳದೆ ಇರಬಹುದಿತ್ತು. ಆದರೆ ಇಷ್ಟು ದಿನ ಸುಳ್ಳು ಸಾಕಿ ಸಾಕಿ ಸುಸ್ತಾಗಿದೆ.

ಕೈ ಹಿಡಿದು ನಡೆಯಬೇಕು ಅಂತ ಮಿಯಾಶಿತಾ-ಸಾನ್ ಹೇಳಲೇ ಇಲ್ಲ. ಟೂರಿನವರು ಎಲ್ಲರ ಕಿವಿಗೂ ಒಂದೊಂದು ಇಯರ್‌ಫೋನು ಕೊಟ್ಟಿದ್ದರಲ್ಲ, ನೀನು ‘ನನಗೆ ಅರ್ಥವಾಗಲ್ಲ, ನಿಶಾ ಹೇಳ್ತಾಳೆ’ ಅಂತ ತೆಗೆದು ಚೀಲಕ್ಕೆ ಹಾಕಿಕೊಂಡೆ. ನನ್ನ ಕಿವಿಯಲ್ಲಿತ್ತು. ನಿದ್ದೆ ಬರುತ್ತಿದ್ದುದು ನಿಜ, ಆದರೆ ಕೇಳಿಸುತ್ತಿತ್ತು. ‘ಇಲ್ಲಿಂದ ನಲವತ್ತು ನಿಮಿಷ ಬಿಡುವು, ನಿಮಗೆ ಬೇಕಾದ ಕಡೆ ಓಡಾಡಿ’ ಅಂದರು ಆಕೆ. ನಿಶಾ ನಿನ್ನ ಕಡೆ ತಿರುಗಿ, ‘ಅಮ್ಮ, ಫ್ಯಾಮಿಲಿ ಎಲ್ಲ ಟುಗೆದರ್ ಇರ್ಬೇಕಂತೆ, ಹ್ಯಾಂಡ್ ಹಿಡ್ಕೋಬೇಕಂತೆ, ಇಲ್ದಿದ್ರೆ ಬಸ್ ಹತ್ಸಲ್ಲಂತೆ’ ಅಂದಳು. ಆಮೇಲೆ ನನ್ನ ಕಡೆ ನೋಡಿದಳು. ನನಗೆ ಗೊತ್ತು ಅಂತ ಅವಳಿಗೆ ಗೊತ್ತಾಯಿತು. ನಾನು ಸುಮ್ಮನೆ ಕೈ ಚಾಚಿದೆ.

ಎಂಟು ದಿನವೂ ಹಾಗೇ. ಫೋಟೋಗೆ ನಡುವೆ ಜಾಗ ಬಿಡಬಾರದು ಅಂದದ್ದು ಅವಳೇ. ಊಟಕ್ಕೆ ಅಪ್ಪ ಅಮ್ಮ ಎದುರುಬದುರು ಕೂರಬೇಕು ಅಂದದ್ದೂ ಅವಳೇ. ಊಷ್‌ಮಾಲ್‌ನಲ್ಲಿ ನೀನು ಕೇಳಿದ ಪ್ರಶ್ನೆಗೆ ಗೈಡು ಕೊಟ್ಟ ಉತ್ತರ ಬರಗಾಲದ್ದು, ಯುದ್ಧದ್ದು. ಮಕ್ಕಳ ಸುದ್ದಿ ಅವನು ಎತ್ತಲೇ ಇಲ್ಲ.

ಅವತ್ತೇ ನಿನಗೆ ಹೇಳಬೇಕಿತ್ತು. ಹೇಳಿದರೆ ನೀನು ಕೈ ಬಿಡುತ್ತಿದ್ದೆ ಅಂತ ಹೇಳಲಿಲ್ಲ. ಇದರಲ್ಲಿ ನಾನೂ ಅವಳ ಜೊತೆ ಸೇರಿದವನೇ.

ಇನ್ನೊಂದು. ಆ ಅಜ್ಜಿಯರ ಸಾಲನ್ನು ನಾನು ಲಿಫ್ಟಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಒಬ್ಬಾಕೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆಯಲ್ಲ, ಆ ಕೈಯಲ್ಲಿ ಎಷ್ಟು ಧೈರ್ಯ ಇತ್ತು! ಇಂಥವಳನ್ನು ಒಂಬತ್ತು ವರ್ಷ ಗ್ಯೋಟೋಕುವಿನ ಎರಡು ಕೋಣೆಯಲ್ಲಿ ಕೂರಿಸಿದ್ದೆನಲ್ಲ ಅಂತ ಬಹಳ ಸಂಕಟವಾಯಿತು. ವಾಪಸ್ ಬಾ ಅಂತ ಇನ್ನು ಯಾವತ್ತೂ ಕೇಳುವುದಿಲ್ಲ. ಕರಾರಿಗೆ ಹೆದರಿ ಅಲ್ಲ.

ಆಫೀಸಿನಲ್ಲಿ ಮೆಕ್ಸಿಕೋದ ಚಾಕೊಲೇಟನ್ನು ಒಂದೊಂದಾಗಿ ಕವರಿಗೆ ಹಾಕಿ ಹಂಚಿದೆ. ಓಗಾವಾ-ಸಾನ್ ಕೇಳಿದರು, ಮನೆಯಲ್ಲಿ ಎಲ್ಲರೂ ಸುಧಾರಿಸಿಕೊಂಡರಾ ಅಂತ. ಮತ್ತೆ ಹಾಯ್ ಅಂದೆ.

ಬಾಲು


ಮೈಸೂರು
೨೦ ಫೆಬ್ರವರಿ ೨೦೨೫

ನಿಶಾಳ ಅಪ್ಪನವರಿಗೆ,

ಅಪ್ಪ ಮಗಳು ಸೇರಿ ನನ್ನನ್ನು ಚೆನ್ನಾಗಿ ಕುಣಿಸಿದಿರಿ. ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು, ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ನೆಂಟರು ಬಂದಾಗ ಒಳ್ಳೆಯ ತಟ್ಟೆ ತೆಗೆಯುವ ಹಾಗೆ ನಾವು ಎಂಟು ದಿನದ ಸಂಸಾರ ತೆಗೆದೆವು. ಅವಳಿಗೆ ಅದನ್ನು ಒಳಗಿಡಲು ಬಿಡುವ ಮನಸ್ಸಿರಲಿಲ್ಲ ಪಾಪ.

ಶನಿವಾರ ಅವಳನ್ನು ಎದುರಿಗೆ ಕೂರಿಸಿಕೊಂಡೆ. ‘ಗೈಡು ಹೇಳಿದ್ದಲ್ಲ ಅಂತ ಅಪ್ಪ ಬರೆದಿದ್ದಾರೆ’ ಅಂದೆ. ‘ಗೋಮೆನ್’ ಅಂದಳು, ಕ್ಷಮಿಸು ಅಂತ. ತಪ್ಪು ಒಪ್ಪಿಸಲು ಕೂರಿಸಿಲ್ಲ ಕಣೇ, ಯಾರೂ ಕೇಳಲಿಲ್ಲ ಅಂದೆಯಲ್ಲ, ಈಗ ಕೇಳುತ್ತಿದ್ದೇನೆ ಅಂದೆ. ‘ತ್ರೀ ಪೀಪಲ್ ಒಂದೇ ಮನೆ’ ಅಂದಳು. ಅದು ಆಗುವುದಿಲ್ಲ ಮಗಳೇ, ಇಲ್ಲಿ ನನ್ನ ಜೊತೆ, ಇಲ್ಲವೇ ಅಲ್ಲಿ ಅಪ್ಪನ ಜೊತೆ, ಎರಡರಲ್ಲಿ ಒಂದು ಹೇಳು ಅಂದೆ. ಒಂಬತ್ತು ವರ್ಷದ ಮಗುವಿನ ಹತ್ತಿರ ಎಂಥ ಪ್ರಶ್ನೆ. ನನಗೆ ಬೇರೆ ದಾರಿ ಕಾಣಲಿಲ್ಲ.

ಅವಳು ಹೇಳಿದ್ದು ಇಷ್ಟು: ‘ಅಮ್ಮ, ಅಲ್ಲಿ ನಾನು ಫನ್ನಿ. ಇಲ್ಲಿ ನಾನು ಕ್ವಾಯೆಟ್.’

ನನಗೂ ಆದದ್ದು ಅದೇ ತಾನೇ, ಊರು ಮಾತ್ರ ಅದಲುಬದಲು. ಒಂಬತ್ತು ವರ್ಷ ಅದು ಹೇಗಿರುತ್ತದೆ ಅಂತ ತಿಳಿದವಳು ನಾನು. ತಿಳಿದೂ ತಿಳಿದೂ ಅವಳನ್ನು ಅದರಲ್ಲಿ ಕೂರಿಸಲಾರೆ.

ಏಪ್ರಿಲಿನಲ್ಲಿ ಅಲ್ಲಿ ನಾಲ್ಕನೇ ತರಗತಿ ಶುರುವಾಗುತ್ತದೆ. ಈಗ ನಾನು ಕೇಳುವುದಕ್ಕೆ ಪ್ರೀತಿ ವಿಶ್ವಾಸದ ಉತ್ತರ ಬೇಡ, ಗಂಟೆಯಲ್ಲಿ ಹೇಳಿ. ಸಂಜೆ ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ? ಹತ್ತಕ್ಕೆ ಅಂತಾದರೆ ಈ ಮಾತು ಇಲ್ಲಿಗೇ ಬಿಡಿ. ಕತ್ತಿಗೆ ಬೀಗದ ಕೈ ಕಟ್ಟಿಕೊಂಡು ಖಾಲಿ ಮನೆಯಲ್ಲಿ ಕೂರುವುದಕ್ಕೆ ನನ್ನ ಮಗಳನ್ನು ಕಳಿಸುವುದಿಲ್ಲ.

ಚಾಮು


ಗ್ಯೋಟೋಕು
೨ 	ಮಾರ್ಚ್ ೨೦೨೫

ಚಾಮು,

ಐದು ಗಂಟೆಗೆ.

ಇದನ್ನು ಬರೆಯುವುದಕ್ಕೆ ಮುಂಚೆ ಮಾಡಬೇಕಾದ್ದನ್ನು ಮಾಡಿ ಬಂದಿದ್ದೇನೆ. ಮಕ್ಕಳಿರುವವರಿಗೆ ನಮ್ಮಲ್ಲಿ ಕಡಿಮೆ ಹೊತ್ತಿನ ಕೆಲಸ ಅಂತ ಒಂದು ಏರ್ಪಾಡಿದೆ, ಮಗು ಆರನೇ ತರಗತಿ ಮುಗಿಸುವವರೆಗೆ. ತಾಯಂದಿರು ತೆಗೆದುಕೊಳ್ಳುತ್ತಾರೆ. ನಮ್ಮ ವಿಭಾಗದಲ್ಲಿ ಇದುವರೆಗೆ ಗಂಡಸರು ಯಾರೂ ಆ ಫಾರಂ ಕೇಳಿಲ್ಲ. ಇಶಿದಾ-ಸಾನ್ ಅದನ್ನು ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಅದರಲ್ಲಿ ಕಾರಣ ಬರೆಯುವ ಜಾಗ ಇತ್ತು. ಪೆನ್ನು ಹಿಡಿದು ಕೂತೆ, ಬರೆಯಲಾಗಲಿಲ್ಲ. ಎದ್ದು ಹೋಗಿ ಓಗಾವಾ-ಸಾನ್ ಮುಂದೆ ನಿಂತು ಎಲ್ಲ ಹೇಳಿದೆ. ಮೇ ತಿಂಗಳಿಂದ ಹೆಂಡತಿ ಮಗಳು ಊರಲ್ಲಿದ್ದಾರೆ, ಹೆಂಡತಿ ಡಾಕ್ಟರು, ಅವಳಿಗೆ ಅಲ್ಲಿ ಕೆಲಸ ಇದೆ, ಮಗಳು ಒಬ್ಬಳೇ ನನ್ನ ಹತ್ತಿರ ಬರಬಹುದು ಅಂತ.

ಅವರು ಕನ್ನಡಕ ತೆಗೆದು ಒರೆಸಿದರು. ‘ಹಾಗಾದರೆ ಆ ಸಿಹಿ?’ ಅಂದರು. ನಿಶಿ-ಕಾಸಾಯ್ ಅಂಗಡಿಯದು, ಸುಮಿಮಾಸೆನ್, ಕ್ಷಮಿಸಿ ಅಂದೆ. ‘ರುಚಿಯಾಗಿತ್ತು’ ಅಂದರು. ಆಮೇಲೆ ಹೇಳಿದರು, ನಾಲ್ಕಕ್ಕೆ ಹೊರಡುವವರ ಕೈಯಲ್ಲಿ ಹೊಸ ಕಟ್ಟಡದ ಪ್ರಾಜೆಕ್ಟು ಇಡಲಾಗುವುದಿಲ್ಲ, ಅದು ಪಕ್ಕದ ಮೇಜಿನ ವಿನಾಯಕ್-ಸಾನ್‌ಗೆ ಹೋಗುತ್ತದೆ, ಪರವಾಗಿಲ್ಲವಾ ಅಂತ. ನಾನು ಎರಡು ವರ್ಷ ಕಾದಿದ್ದ ಪ್ರಾಜೆಕ್ಟು ಅದು. ಪರವಾಗಿಲ್ಲ ಅಂದೆ. ನಿಜಕ್ಕೂ ನೋವಾಗಿದೆ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಆದರೂ ಸಹಿ ಹಾಕಿದೆ.

ಏಪ್ರಿಲ್ ಒಂದರಿಂದ ನನ್ನ ಕೆಲಸ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ. ಶಾಲೆ ಬಿಟ್ಟ ಮೇಲೆ ಅಲ್ಲೇ ಮಕ್ಕಳ ಕ್ಲಬ್ಬಿನಲ್ಲಿ ಐದರವರೆಗೆ ಇರಬಹುದು, ಹಾನಾ ಕೂಡ ಅಲ್ಲೇ ಇರುತ್ತಾಳೆ. ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ನನಗೆ ಜಡೆ ಹಾಕಲು ಬರುವುದಿಲ್ಲ. ಸಾರು ಬರುತ್ತದೆ, ಪಲ್ಯ ಕಲಿಯುತ್ತಿದ್ದೇನೆ. ಜ್ವರ ಬಂದರೆ ಏನು ಮಾಡಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸು. ಹಲ್ಲಿಗೆ ಕವಚ ಮಾಡಿಸಿಕೊಂಡಿದ್ದೇನೆ.

ನೀನು ಕಳಿಸಲೇಬೇಕು ಅಂತ ಬರೆದದ್ದಲ್ಲ ಇದು. ಗಂಟೆ ಕೇಳಿದೆ, ಅದಕ್ಕೆ ಹೇಳಿದೆ.

ಬಾಲು


ಮೈಸೂರು
೧೩ ಮಾರ್ಚ್ ೨೦೨೫

ನಿಶಾಳ ಅಪ್ಪನವರಿಗೆ,

ಕಾಗದ ಬಂತು. ಮೂರು ಸಲ ಓದಿದೆ. ನಿಮ್ಮಿಂದ ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ, ಅದನ್ನು ಹೇಳಿಬಿಡುವುದು ನ್ಯಾಯ.

ಜ್ವರದ ಚೀಟಿ ಇದರ ಜೊತೆಗಿದೆ, ನಿಮಗೆ ಅರ್ಥವಾಗಲಿ ಅಂತ ದುಂಡಗೆ ಬರೆದಿದ್ದೇನೆ. ಫ್ರಿಜ್ಜಿನ ಮೇಲೆ ಅಂಟಿಸಿ. ಜಡೆ ಬೇಡ, ಕೂದಲನ್ನು ಭುಜದವರೆಗೆ ಕತ್ತರಿಸಿ ಕರೆತರುತ್ತೇನೆ. ಬಿಳಿಬದನೆ ತಿನ್ನುವುದಿಲ್ಲ. ಮಲಗುವ ಮುಂಚೆ ಹಲ್ಲು ಉಜ್ಜಿದೆ ಅಂತ ಸುಳ್ಳು ಹೇಳುತ್ತಾಳೆ, ಬ್ರಷ್ಷು ಮುಟ್ಟಿ ನೋಡಿ. ಕನಸು ಬಿದ್ದು ಎದ್ದರೆ ಬೆನ್ನು ಸವರಿದರೆ ಸಾಕು, ದೀಪ ಹಾಕಬೇಡಿ. ಭಾನುವಾರ ನನಗೆ ಫೋನು ಮಾಡಲಿ, ನಿಧಾನವಾಗಿ ಕನ್ನಡದಲ್ಲಿ ಮಾತಾಡಲಿ. ಕಾಯುತ್ತೇನೆ.

ಬೇಸಿಗೆ ರಜಕ್ಕೆ ನೀವು ಕರೆದುಕೊಂಡು ಬನ್ನಿ. ಚಳಿಗಾಲಕ್ಕೆ ನಾನು ಬರುತ್ತೇನೆ. ನಡುವೆ ಹೇಗೆ ಇರುತ್ತೇನೋ ಗೊತ್ತಿಲ್ಲ. ಕ್ಲಿನಿಕ್ಕಿನಲ್ಲಿ ಹೇಗೂ ಹಗಲು ಕಳೆಯುತ್ತದೆ. ವಿಶಾಲಾಕ್ಷಿಯವರು ‘ಗಟ್ಟಿ ಮನಸ್ಸು ಕಣಮ್ಮ ನಿಂದು’ ಅಂದರು. ಗಟ್ಟಿಯೂ ಇಲ್ಲ ಏನೂ ಇಲ್ಲ. ನಿನ್ನೆ ಅವಳ ಸಮವಸ್ತ್ರ ಒಗೆಯುವುದಕ್ಕೆ ತೆಗೆದವಳು ಅದನ್ನು ಹಿಡಿದುಕೊಂಡು ಬಚ್ಚಲಲ್ಲಿ ಸುಮ್ಮನೆ ನಿಂತಿದ್ದೆ.

ಟಿಕೆಟ್ ತೆಗೆದಾಯಿತು. ಮಾರ್ಚ್ ಮೂವತ್ತೊಂದಕ್ಕೆ ನಾರಿತಾ ವಿಮಾನ ನಿಲ್ದಾಣ. ನಿಶಾಳದು ಹೋಗುವುದಕ್ಕೆ ಮಾತ್ರ, ನನ್ನದು ಹೋಗಿ ಬರುವುದಕ್ಕೆ. ನಾನು ವಾಪಸ್ ಹೊರಡುವುದು ಏಪ್ರಿಲ್ ಹತ್ತು, ಗುರುವಾರ ಮಧ್ಯಾಹ್ನ. ಏರ್‌ಪೋರ್ಟಿಗೆ ಅವಳನ್ನು ಕರೆತರಬೇಡಿ. ಆ ಹೊತ್ತಿಗೆ ಅವಳು ಶಾಲೆಯಲ್ಲಿರುತ್ತಾಳೆ, ನೋಡಿಯೇ ಆ ವಿಮಾನ ತೆಗೆದಿದ್ದೇನೆ. ನೀವೂ ಬರಬೇಡಿ. ಐದು ಗಂಟೆಗೆ ಅವಳನ್ನು ಕರೆದುಕೊಂಡು ಹೋಗುವುದಕ್ಕೆ ಶಾಲೆಯ ಬಾಗಿಲಲ್ಲಿರಿ.

ಚಾಮು